ಹೊಳೆದಂಡೆಯ ಹೊಲಕ್ಕೆ ಯಾವ ಯೋಜನೆ?

ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆ ಕೃಷ್ಣೆಯ ದಂಡೆಗೆ ಹೊಲ ಇರುವವರು ಮಳೆಗಾಲದಲ್ಲಿ ಮೋಡ ನೋಡಿಕೊಂಡು ಕೂರುವುದಿಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಎಂದು ಕೇಳುತ್ತಾರೆ. 2005, 2019, 2021ರಲ್ಲಿ ಹೊಳೆ ಊರೊಳಗೇ ಬಂತು. ಪ್ರತಿ ಸಲ ನೀರಿಳಿದ ಮೇಲೆ ಅದೇ ಓಡಾಟ: ಈ ಜಮೀನಿಗೆ ಸರ್ಕಾರದ್ದು ಏನಿದೆ, ಯಾವ ಕಚೇರಿಗೆ ಹೋಗಬೇಕು?

ಈ ಗೋಜಲಿಗೆ ಹಳೇ ಕಾರಣವಿದೆ. ನಮ್ಮ ಕಡೆ ಮಣ್ಣು ಉಳಿಸುವ ಯೋಜನೆಗಳು ಹುಟ್ಟಿದ್ದು ಬರದಿಂದ, ನೆರೆಯಿಂದಲ್ಲ. ಮುಂಬೈ ಪ್ರಾಂತ್ಯ 1942ರಲ್ಲಿ ಜಮೀನು ಸುಧಾರಣೆಗೆ ಕಾಯ್ದೆ ತಂದಾಗ ಒಣಸೀಮೆಯಲ್ಲಿ ಬದು ಹಾಕಿಸುವುದೇ ದೊಡ್ಡ ಕೆಲಸ. 1961-62ರಲ್ಲಿ ಶುರುವಾದ ಕೇಂದ್ರದ ನದಿ ಕಣಿವೆ ಯೋಜನೆಗೆ ಅಣೆಕಟ್ಟೆಯಲ್ಲಿ ಹೂಳು ತುಂಬದಿದ್ದರೆ ಸಾಕಿತ್ತು. 1980ರ ಹೊತ್ತಿಗೆ ನೆರೆ ಬರುವ ನದಿಗಳಿಗೆಂದೇ ಒಂದು ಯೋಜನೆ ಬಂತು. ಆದರೆ ಅದು ಗಂಗಾ ಬಯಲಿಗೆ! ಈಗಿನ ಜಲಾನಯನ ಇಲಾಖೆಯೂ ಹುಡುಕುವುದು ಮಳೆಯಾಶ್ರಿತ ಹೊಲವನ್ನೇ. ಪಂಪ್‌ಸೆಟ್ ಇಟ್ಟು ಕಬ್ಬು ಬೆಳೆಯುವ ದಂಡೆಯ ಜಮೀನು ಅದರ ಲೆಕ್ಕಕ್ಕೆ ಬರುವುದು ಕಡಿಮೆ.

ಹೀಗಾಗಿ ದಂಡೆಯವರಿಗೆ ಉಳಿದ ಬಾಗಿಲು ಕಂದಾಯ ಇಲಾಖೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ನಂತರ, 2010ರಿಂದ, ಪರಿಹಾರದ ಹಣ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಬರುತ್ತಿದೆ. ಮೊದಲು ಬೆಳೆ ಅರ್ಧ ಹೋಗಿದ್ದರೆ ಮಾತ್ರ ಕೊಡುತ್ತಿದ್ದರು. 2015ರಲ್ಲಿ ಅದನ್ನು ಶೇ 33ಕ್ಕೆ ಇಳಿಸಿದರು. 2022ರ ದರದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಪಹಣಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಕಂದಾಯ, ಕೃಷಿ ಇಲಾಖೆಯವರು ಸೇರಿ ಮಾಡುವ ಜಂಟಿ ಸಮೀಕ್ಷೆಯಲ್ಲಿ ಹೆಸರು, ಈ ಮೂರೂ ಸರಿ ಇರಬೇಕು.

ಇದೇ ನಿಯಮಗಳಲ್ಲಿ ಜಾಸ್ತಿ ಜನ ಗಮನಿಸದ ಸಾಲೊಂದಿದೆ. ಹೊಲದ ಮೇಲೆ 3 ಇಂಚಿಗಿಂತ ದಪ್ಪ ಹೂಳೋ ಮರಳೋ ಕೂತಿದ್ದರೆ, ಅದನ್ನು ತೆಗೆಸಲು ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000 ರೂಪಾಯಿ. ಎಕರೆಗೆ 7,200ರ ಆಸುಪಾಸು. ಜೆಸಿಬಿ, ಟ್ರ್ಯಾಕ್ಟರ್ ಬಾಡಿಗೆ ಗೊತ್ತಿದ್ದವರು ನಗಬಹುದು. ಆದರೂ ಬಿಡುವ ಹಣವಲ್ಲ. ಹೊಳೆ ದಿಕ್ಕು ಬದಲಿಸಿ ಜಮೀನನ್ನೇ ಕೊಚ್ಚಿಕೊಂಡು ಹೋದರೆ ಇದೇ ರೈತರಿಗೆ ಹೆಕ್ಟೇರಿಗೆ 47,000. ಸಮೀಕ್ಷೆಗೆ ಬಂದವರು ಬೆಳೆ ಮಾತ್ರ ಬರೆದುಕೊಂಡು ಹೊರಟರೆ, ಹೂಳನ್ನೂ ಅಳೆದು ಬರೆಯಿರಿ ಎಂದು ಅಲ್ಲೇ ಹೇಳಬೇಕು. ಹೂಳು ತೆಗೆದ ಮೇಲೆ ಅಳೆಯಲು ಏನಿರುತ್ತದೆ ಅಲ್ವಾ?

ಇನ್ನು ವಿಮೆ. 2016ರ ಫಸಲ್ ಬಿಮಾದಲ್ಲಿ ಹೊಲದಲ್ಲಿ ನೀರು ನಿಂತರೆ ಪರಿಹಾರ ಇತ್ತು. 2018ರಲ್ಲಿ ಭತ್ತವನ್ನು ಅದರಿಂದ ಹೊರಗಿಟ್ಟರು, ನೀರು ತಡೆಯುವ ಬೆಳೆ ಎಂಬ ಕಾರಣಕ್ಕೆ. ವಾರಗಟ್ಟಲೆ ಮುಳುಗಿದ ಪೈರು ಎಷ್ಟು ತಡೆದೀತು? 2026ರ ಮುಂಗಾರಿನಿಂದ ಭತ್ತವನ್ನು ಮತ್ತೆ ಸೇರಿಸುವುದಾಗಿ ಕೇಂದ್ರ 2025ರ ನವೆಂಬರಿನಲ್ಲಿ ಹೇಳಿತು. ಹಾನಿಯ ಸುದ್ದಿಯನ್ನು 72 ಗಂಟೆಯೊಳಗೆ ಮುಟ್ಟಿಸಬೇಕು. ನೆರೆಯಲ್ಲಿ ಕರೆಂಟು ಹೋಗಿ, ಊರೇ ಗಂಜಿ ಕೇಂದ್ರದಲ್ಲಿದ್ದಾಗಲೂ ಈ ಗಡುವು ಅಷ್ಟೇ.