ಮುಂಜಾನೆ ಮೀನು ಬಾಯಾಡಿಸುವುದು ಮಾತಲ್ಲ

ಮೋಡ ಕವಿದ ದಿನಗಳು ಶುರುವಾದರೆ ಬೆಳಗಿನ ಐದೂವರೆಗೇ ನನಗೆ ಫೋನ್ ಬರುತ್ತದೆ. "ಸಾರ್, ಹೊಂಡದ ತುಂಬ ಮೀನು ಮೇಲೆ ಬಂದು ಬಾಯಿ ಆಡಿಸ್ತಾ ಇವೆ. ಹಸಿವಾಗಿ ನನ್ನನ್ನೇ ಕೂಗ್ತಾ ಇವೆ. ಇನ್ನೊಂದು ಬುಟ್ಟಿ ತೌಡು ಹಾಕ್ಲಾ?"

ಬೇಡ. ದಯವಿಟ್ಟು ಬೇಡ.

ಕೋಲಾರದ ಕಡೆ ಕೆರೆ, ಕೃಷಿ ಹೊಂಡಗಳಲ್ಲಿ ಮೀನು ಸಾಕುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಇದೊಂದು ವಿಷಯ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ ಅಂತ ಬೇಸರವಾಗುತ್ತದೆ. ಆ ಮೀನುಗಳು ಕೂಗುತ್ತಿಲ್ಲ, ಉಸಿರು ಕಟ್ಟಿ ಒದ್ದಾಡುತ್ತಿವೆ. ಹಸಿರು ಪಾಚಿ ಹಗಲು ಬಿಸಿಲಿನಲ್ಲಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ, ಮೀನಿನ ಜೊತೆ ತಾನೂ ಆಮ್ಲಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಹಿಂದಿನ ದಿನ ಮೋಡವಿದ್ದರೆ ಇನ್ನೂ ಕಡಿಮೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ ಕೆರೆಗಳಲ್ಲಿ ಪಾಚಿಗೆ ಬೇಕಾದ ಸಾರ ಜಾಸ್ತಿ, ಅಲ್ಲಿ ಇನ್ನೂ ಎಚ್ಚರ ಬೇಕು. ಇಂಥ ಹೊತ್ತಿನಲ್ಲಿ ತೌಡು ಸುರಿದರೆ ಅದು ಕೊಳೆಯುತ್ತಾ ಉಳಿದ ಚೂರುಪಾರು ಆಮ್ಲಜನಕವನ್ನೂ ತಿಂದು ಹಾಕುತ್ತದೆ.

ಹಾಗಾದರೆ ಮೀನು ಮೀನಿಗೆ ಏನೂ ಹೇಳುವುದೇ ಇಲ್ವಾ? ಹೇಳುತ್ತದೆ. ಕಾಟ್ಲಾ, ರೋಹು, ಗೆಂಡೆಗಳ ಗಾಳಿಚೀಲವನ್ನು ಒಳಕಿವಿಗೆ ಜೋಡಿಸುವ ಪುಟ್ಟ ಮೂಳೆಗಳಿವೆ, ಅದಕ್ಕೇ ಅವುಗಳ ಕಿವಿ ಬಲು ಚುರುಕು. ಮೈಯ ಎರಡೂ ಪಕ್ಕದ ಗೆರೆಯಿಂದ ಪಕ್ಕದ ಮೀನು ತಿರುಗಿದ್ದೂ ಗೊತ್ತಾಗುತ್ತದೆ. ಜಿಲೇಬಿ (ತಿಲಾಪಿಯಾ) ಮೀನಿನಲ್ಲಿ ಗಂಡು ತನ್ನ ಜೋರನ್ನು ಮೂತ್ರದ ವಾಸನೆಯಲ್ಲಿ ತೋರಿಸುತ್ತದೆ. ಅಪಾಯ ಬಂದರೆ ಅದರ ಮರಿಗಳು ಓಡಿ ಬಂದು ತಾಯಿಯ ಬಾಯೊಳಗೆ ಸೇರಿಕೊಳ್ಳುತ್ತವೆ. ನಾನು ಇದನ್ನು ಮೊದಲು ನೋಡಿದ್ದು ಮುಳಬಾಗಿಲು ಕಡೆಯ ಒಂದು ಕುಂಟೆಯಲ್ಲಿ. ಬಂದ ಕೆಲಸ ಮರೆತು ದಡದಲ್ಲೇ ಕೂತುಬಿಟ್ಟಿದ್ದೆ.

ಸಾಕಣೆದಾರರಿಗೆ ಎಲ್ಲಕ್ಕಿಂತ ಮುಖ್ಯವಾದ್ದು ಭಯದ ಸುದ್ದಿ. ಜೇನುಹುಳುವಿನ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ವಾನ್ ಫ್ರಿಶ್ 1938ರಲ್ಲಿ ಇದನ್ನು ತಿಳಿಸಿದರು. ಒಂದು ಪುಟ್ಟ ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ಏನೋ ನೀರಿಗೆ ಬೆರೆಯುತ್ತದೆ, ವಾಸನೆ ಸಿಕ್ಕ ಉಳಿದ ಮೀನುಗಳು ಹೆದರುತ್ತವೆ. ಆ ಪುಟ್ಟ ಮೀನು ನಮ್ಮ ಗೆಂಡೆಗಳ ನೆಂಟನೇ. ಅದಕ್ಕೇ ಬೀಸುಬಲೆ ಹಾಕಿ, ಹುರುಪೆ ಕಿತ್ತ ಮೀನನ್ನು ಹಾಗೇ ಹೊಂಡಕ್ಕೆ ಎಸೆಯಬೇಡಿ ಅನ್ನುವುದು. ಆದರೆ ಒಂದು ವಿಷಯ ಗಮನಿಸಿ. ಹೆದರಿದ ಗೆಂಡೆ ತಳಕ್ಕೆ ಇಳಿಯುತ್ತದೆ, ಗುಂಪು ಕಟ್ಟುತ್ತದೆ, ಇಲ್ಲವೇ ಚದುರಿ ಓಡುತ್ತದೆ. ಮೇಲೆ ಬಂದು ನಿಂತು ಬಾಯಾಡಿಸುವುದಿಲ್ಲ.

ಗುರುತು ಹಿಡಿಯುವುದು ಹೇಗೆ? ದಡದಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿ. ಸುಮ್ನೆ ಮೇವು ಹುಡುಕುತ್ತಾ ಬಂದ ಮೀನು ಥಟ್ಟನೆ ಮುಳುಗುತ್ತದೆ. ಉಸಿರಿಗೆ ಒದ್ದಾಡುವ ಮೀನು ಅಲುಗಾಡುವುದಿಲ್ಲ. ಆಗ ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ ಮೋಟರ್ ಹಾಕಿ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಪೈಪನ್ನು ನೀರಿನೊಳಗೆ ಬಿಡದೆ ಎತ್ತರದಿಂದ ಚಿಮ್ಮಿಸಿ, ಗಾಳಿ ಸೇರಲಿ. ಬಿಸಿಲೇರಿದ ಮೇಲೂ ಮೇಲೇ ಇದ್ದರೆ ಕಾರಣ ಬೇರೆ ಇರಬಹುದು, ಅಮೋನಿಯಾ ಆಗಿರಬಹುದು, ಕಿವಿರಿನ ರೋಗವೂ ಆಗಿರಬಹುದು. ಅದನ್ನು ಫೋನಿನಲ್ಲಿ ಹೇಳಲಾಗದು, ಮೀನು, ನೀರು ಎರಡನ್ನೂ ನೋಡಬೇಕು.

ಮಾಲೂರು ಕಡೆಯ ಒಬ್ಬ ಅಣ್ಣ ಎರಡು ವರ್ಷದ ಹಿಂದೆ ತೌಡು ಹಾಕಿ ದೊಡ್ಡ ದೊಡ್ಡ ಕಾಟ್ಲಾಗಳನ್ನೇ ಕಳೆದುಕೊಂಡಿದ್ದರು. ಅವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವರ ಹೆಂಡತಿಯ ಮುಖ ನನಗೆ ಮರೆತಿಲ್ಲ. ಹೋದ ವಾರ ಮತ್ತೆ ಅವರದೇ ಫೋನ್, ಅದೇ ಐದೂವರೆಗೆ. "ಚಪ್ಪಾಳೆ ತಟ್ಟಿದೆ ಸಾರ್, ಒಂದೂ ಅಲುಗಾಡ್ಲಿಲ್ಲ. ಮೋಟರ್ ಹಾಕಿದೀನಿ, ಇವಳು ಪೈಪ್ ಎತ್ತಿ ಹಿಡ್ಕೊಂಡಿದಾಳೆ." ಹಿಂದಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು.