ಬೆಂಕಿ ರೇಖೆ ಅಂದರೆ ಬರೀ ಹುಲ್ಲು ಹೆರೆಯೋದಲ್ಲ

ಜನವರಿಯಲ್ಲಿ ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೋಗುವವರಿಗೆ ಬಂಡೀಪುರದ ರಸ್ತೆ ಪಕ್ಕ ಕರೀ ಪಟ್ಟೆ ಕಾಣುತ್ತದೆ. ಹುಲ್ಲೆಲ್ಲ ಸುಟ್ಟು ಬೂದಿ. "ಯಾರೋ ಕಾಡಿಗೆ ಬೆಂಕಿ ಇಟ್ಟಿದ್ದಾರೆ ಸರ್" ಅಂತ ನನಗೆ ಫೋಟೊ ಕಳಿಸಿದವರಿದ್ದಾರೆ. ಇಟ್ಟಿದ್ದು ನಮ್ಮ ಅರಣ್ಯ ಇಲಾಖೆಯವರೇ. ಅದು ಬೆಂಕಿ ರೇಖೆ. ಬೇಸಿಗೆಯಲ್ಲಿ ನಿಜವಾದ ಬೆಂಕಿ ಬಂದಾಗ ಅಲ್ಲಿ ತಿನ್ನಲು ಏನೂ ಸಿಗಬಾರದು ಅಂತ ಮೊದಲೇ ಸುಟ್ಟು ಬಿಡುವ ಜಾಗ.

ಹೇಳಲು ಸುಲಭ. ಮಳೆ ನಿಂತು ಹುಲ್ಲು ಹಳದಿಗೆ ತಿರುಗುವಾಗ ಕೊಯ್ಯಬೇಕು. ಕೊಯ್ದದ್ದು ಒಣಗಬೇಕು. ಆಚೀಚಿನ ಹುಲ್ಲಲ್ಲಿ ಇನ್ನೂ ಹಸಿ ಇರುವಾಗಲೇ ಸುಡಬೇಕು. ಬೇಗ ಹಚ್ಚಿದರೆ ಸುಮ್ನೆ ಹೊಗೆಯಾಡುತ್ತದೆ, ತಡವಾದರೆ ಕಾಡಿಗೇ ಹಾರುತ್ತದೆ. ನಡುವೆ ಸಿಗುವುದು ಕೆಲವೇ ವಾರ. ಕಡತಕ್ಕೆ ಸಹಿ ಬೀಳುವವರೆಗೆ ಹುಲ್ಲು ಕಾಯುವುದಿಲ್ಲ ನೋಡಿ.

ಈ ಕೆಲಸ ನನಗೆ ಹೇಳಿಕೊಟ್ಟವರು ಕೂಪಿನಲ್ಲಿ, ಅಂದರೆ ಹಿಂದೆ ಮರ ಕಡಿಯಲು ಗುರುತು ಮಾಡುತ್ತಿದ್ದ ಕಾಡಿನ ಭಾಗದಲ್ಲಿ, ಮರ ಕಡಿದು ಪಳಗಿದ ಒಬ್ಬ ಮೇಸ್ತ್ರಿ. ಅವತ್ತು ರೇಖೆಯನ್ನು ಅಂಗಳದ ಹಾಗೆ ಚೊಕ್ಕ ಮಾಡಿಸಿ ನಾನು ಖುಷಿಯಲ್ಲಿದ್ದೆ. ಅವರು ರೇಖೆ ಕಡೆ ನೋಡಲೇ ಇಲ್ಲ. ಹದಿನೈದು ಹೆಜ್ಜೆ ಒಳಗೆ ಹೋಗಿ, ಒಣಗಿ ನಿಂತಿದ್ದ ಮತ್ತಿ ಮರಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದರು. ಡಬ್ ಡಬ್ ಅಂದಿತು. "ಒಳಗೆ ಟೊಳ್ಳು ಸಾ. ಕಿಡಿ ಬಿದ್ರೆ ಹೊಗೆಗೂಡು ಆಯ್ತದೆ. ತುದೀಲಿ ಉಗುಳ್ತದೆ, ನಿಮ್ ಗೆರೆ ದಾಟ್ತದೆ."

ಆದರೆ ಮರ ಕಡಿಯಲಿಲ್ಲ. ಬುಡದ ಸುತ್ತ ತರಗು ಕೆದರಿ ಮಣ್ಣು ಕಾಣುವ ಹಾಗೆ ಮಾಡಿದರು, ಅಷ್ಟೇ. ಇಳಿಜಾರಿನಲ್ಲಿ ಅಡ್ಡ ಬಿದ್ದಿದ್ದ ದಿಮ್ಮಿಗಳನ್ನು ಹಾರೆಯಿಂದ ಮೀಟಿ ಮೇಲೆ-ಕೆಳಗೆ ಉದ್ದಕ್ಕೆ ತಿರುಗಿಸಿದರು. ಅಡ್ಡ ಇದ್ದರೆ ಉರಿಯುತ್ತಾ ಉರುಳಿ ರೇಖೆ ದಾಟುತ್ತದೆ. ದಿಮ್ಮಿ ಯಾವ ಕಡೆ ಉರುಳುತ್ತದೆ ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೂಪಿನಲ್ಲಿ ಅದು ಜೀವದ ಪ್ರಶ್ನೆ.

2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಬೆಂಕಿ ಎದ್ದಾಗ ಸಾವಿರಾರು ಎಕರೆ ಕರಕಲಾಯಿತು. ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದು ಎಲ್ಲರಿಗೂ ನೆನಪಿದೆ. ನೆಲದ ಮೇಲೆ ಹಸಿ ಕೊಂಬೆ ಹಿಡಿದು ಬಡಿದವರು ಯಾರಿಗೆ ನೆನಪು? 2017ರಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವವನ್ನೇ ಬಿಟ್ಟರು.

ಇನ್ನು ಲಂಟಾನ ಅನ್ನುವ ಕಳೆಪೊದೆ. ಇದು ಇದ್ದ ಕಡೆ ರೇಖೆ ಎಷ್ಟು ಅಗಲ ಮಾಡಿದರೂ ಧೈರ್ಯ ಸಾಲದು. ಗಿಡ್ಡ ಹುಲ್ಲಿನ ಬೆಂಕಿಯನ್ನು ಬಡಿದು ಆರಿಸಬಹುದು. ಲಂಟಾನಕ್ಕೆ ಹತ್ತಿತೋ, ಏಣಿ ಸಿಕ್ಕ ಹಾಗೆ ಮರದ ತಲೆಗೆ ಏರುತ್ತದೆ. ಮಚ್ಚಿನಿಂದ ಸವರಿದರೆ ಮಳೆಗಾಲದಲ್ಲಿ ಇಮ್ಮಡಿ ಚಿಗುರುತ್ತದೆ. ಮಣ್ಣಿನ ಮಟ್ಟದಿಂದ ಸ್ವಲ್ಪ ಕೆಳಗೆ ಬೇರು ಕಡಿದು, ಬುಡ ಮೇಲೆ ಮಾಡಿ ಮಲಗಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆಲ್ಲ ಬೇಸಿಗೆ ಬಲಿಯುವ ಮೊದಲೇ ನೆಲದ ತರಗೆಲೆ ಸುಡುವ ಸಣ್ಣ 'ತರಗು ಬೆಂಕಿ' ಹಾಕುತ್ತಿದ್ದರು. 1974ರಲ್ಲಿ ಅಲ್ಲಿ ಅಭಯಾರಣ್ಯ ಆಯಿತು, ಬೆಂಕಿ ನಿಂತಿತು. ಅದು ನಿಂತಿದ್ದಕ್ಕೇ ಲಂಟಾನ ಜಾಸ್ತಿಯಾಯಿತು ಅನ್ನುವುದು ಅವರ ಮಾತು. ನಾನು ಅದನ್ನು ತಳ್ಳಿಹಾಕುವುದಿಲ್ಲ.

ಕೂಪು ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಬೋಳಾದ ಗುಡ್ಡಗಳನ್ನೂ ನೋಡಿದ್ದೇನೆ. 2000ರಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಒಣಮರ, ಬಿದ್ದ ಮರ ಸಾಗಿಸುವುದನ್ನೂ ತಡೆಯಿತು, ಸರಿಯಾಗೇ ಇದೆ. ಆದರೆ ಮರದ ಜೊತೆ ಮರ ಬಲ್ಲವರನ್ನೂ ಕಾಡಿನಿಂದ ಹೊರಗೆ ಕಳಿಸಿದೆವು ಅಲ್ವಾ? ಈಗ ಅವರ ಮಕ್ಕಳನ್ನು ಬೇಸಿಗೆಗೆ ಮಾತ್ರ ಫೈರ್ ವಾಚರ್ ಅಂತ ಬೆಂಕಿ ಕಾಯುವ ಕೆಲಸಕ್ಕೆ ಕರೆಯುತ್ತೇವೆ. ಲೆಕ್ಕ ಹಾಕಿ ನೋಡಿ: ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಲಂಟಾನ ಕೀಳುವುದು, ನವೆಂಬರಿನಿಂದ ರೇಖೆ, ಫೆಬ್ರವರಿಯಿಂದ ಕಾವಲು. ಒಂದೇ ತಂಡಕ್ಕೆ ವರ್ಷಪೂರ್ತಿ ಕೆಲಸ ಇದೆ.

ಆ ಮೇಸ್ತ್ರಿಯ ಮೊಮ್ಮಗನೂ ಈಗ ಫೈರ್ ವಾಚರ್. ಬ್ಲೋವರ್ ಬೆನ್ನಿಗೆ ಹಾಕಿಕೊಂಡು ತರಗು ಊದುತ್ತಾನೆ. ಒಣಮರ ಕಂಡರೆ ಈಗಲೂ ತಟ್ಟಿ ನೋಡುತ್ತಾನೆ. ಮಳೆ ಬಿದ್ದ ಮೇಲೆ ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋಗುತ್ತಾನಂತೆ.