ಹೀರೋ ರೋಬೋನ ಕೊಂದರೆ ಸುಮ್ನೆ ಬಿಡ್ತಾರಾ?

ಮೊದಲು ತಲೆ ಪಕ್ಕಕ್ಕೆ ವಾಲುತ್ತದೆ. ಕಣ್ಣಿನ ಬೆಳಕು ಆರುತ್ತದೆ. ಆಮೇಲೆ ಮೈಮೇಲಿನ ಕೆಂಪು, ನೀಲಿ ಎಲ್ಲ ನಿಧಾನಕ್ಕೆ ಇಳಿದು ಬೂದಿ ಬಣ್ಣವಾಗುತ್ತದೆ. 1986ರ ಆಗಸ್ಟ್ 8ರಂದು ಅಮೆರಿಕದಲ್ಲಿ ತೆರೆಗೆ ಬಂದ ‘ದ ಟ್ರಾನ್ಸ್‌ಫಾರ್ಮರ್ಸ್: ದ ಮೂವಿ’ ಸಿನಿಮಾದಲ್ಲಿ ಹೀರೋ ರೋಬೋ ಆಪ್ಟಿಮಸ್ ಪ್ರೈಮ್ ಸತ್ತದ್ದು ಹೀಗೆ. ಸಿನಿಮಾ ಶುರುವಾಗಿ ಅರ್ಧ ಗಂಟೆ ಆಗಿತ್ತೇನೋ ಅಷ್ಟೆ. ನೋಡಲು ಬಂದಿದ್ದವರಲ್ಲಿ ಜಾಸ್ತಿ ಜನ ಇನ್ನೂ ಹಲ್ಲು ಬೀಳುವ ವಯಸ್ಸಿನ ಮಕ್ಕಳು. ಅವರು ಟಿವಿಯಲ್ಲಿ ನೋಡಿದ್ದ ಯುದ್ಧವೇ ಬೇರೆ. ಅಲ್ಲಿ ಎಷ್ಟು ಲೇಸರ್ ಹಾರಿದರೂ ಮುಂದಿನ ಕಂತಿನ ಹೊತ್ತಿಗೆ ಎಲ್ಲರೂ ರಿಪೇರಿಯಾಗಿ ಎದ್ದು ನಿಂತಿರುತ್ತಿದ್ದರು.

ಇಲ್ಲಿ ಯಾರೂ ಏಳಲಿಲ್ಲ. ಪ್ರೈಮ್‌ಗಿಂತ ಮುಂಚೆಯೇ ಒಂದು ಬಾಹ್ಯಾಕಾಶ ನೌಕೆಯೊಳಗೆ ಅವನ ಪಡೆಯ ಪ್ರೌಲ್, ರ‍್ಯಾಚೆಟ್, ಬ್ರಾನ್ ಒಬ್ಬರ ಹಿಂದೆ ಒಬ್ಬರು ಉರುಳಿದ್ದರು. ಐರನ್‌ಹೈಡ್ ನೆಲದ ಮೇಲೆ ತೆವಳುತ್ತಾ ಬಂದು ಶತ್ರುಪಡೆಯ ನಾಯಕ ಮೆಗಾಟ್ರಾನ್‌ನ ಕಾಲು ಹಿಡಿಯುತ್ತಾನೆ. ಮೆಗಾಟ್ರಾನ್ ಅವನ ತಲೆಗೇ ತೋಪು ಗುರಿಯಿಟ್ಟು ಹೊಡೆಯುತ್ತಾನೆ. ಮಕ್ಕಳ ಸಿನಿಮಾ ಅಂತ ಟಿಕೆಟ್ ಕೊಂಡು ಬಂದ ಅಪ್ಪ ಅಮ್ಮಂದಿರ ಮುಖ ಹೇಗಾಗಿರಬೇಡ!

ಥಿಯೇಟರಿನಲ್ಲೇ ಮಕ್ಕಳು ಗಳಗಳ ಅತ್ತರು. ಕೆಲವರನ್ನು ಎದ್ದು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಕೋಣೆಯ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಹೊರಗೆ ಬಾರದ ಹುಡುಗನೊಬ್ಬನ ಕಥೆಯನ್ನು ಚಿತ್ರತಂಡದವರೇ ಆಮೇಲೆ ಹೇಳಿಕೊಂಡಿದ್ದಾರೆ. ಆಟಿಕೆ ಕಂಪನಿ ಹ್ಯಾಸ್‌ಬ್ರೋಗೆ ಪತ್ರಗಳು ಬಂದವು. ಮಕ್ಕಳದ್ದೂ, ಮಕ್ಕಳ ಪರವಾಗಿ ದೊಡ್ಡವರದ್ದೂ.

ದೈತ್ಯ ರೋಬೋಗಳ ಯುದ್ಧ ಸಿನಿಮಾ ಕತ್ತಲಿಗೆ ತಿರುಗಿದಾಗೆಲ್ಲ ಇಂಥ ಗಲಾಟೆ ಆಗಿದೆ. ನನಗೆ ಕುತೂಹಲ ಇರುವುದು ಗಲಾಟೆಯ ಬಗ್ಗೆ ಅಲ್ಲ, ಅದಕ್ಕೆ ಸಿಕ್ಕ ಉತ್ತರದ ಬಗ್ಗೆ. ಈ ಸಿನಿಮಾಗಳನ್ನು ಮಾಡುವವರು ಅಭಿಮಾನಿಗಳ ಮಾತು ಕೇಳಿಸಿಕೊಳ್ಳದೆ ಇದ್ದದ್ದು ಕಡಿಮೆ. ಕೆಲವರು ಹೆದರಿ ಕಥೆ ಬದಲಿಸಿದರು. ಒಬ್ಬರಂತೂ ಆ ಪತ್ರಗಳನ್ನೇ ಸಿನಿಮಾದೊಳಗೆ ಹಾಕಿಬಿಟ್ಟರು.

ಮೊದಲು ಪ್ರೈಮ್‌ನ ಲೆಕ್ಕ ಮುಗಿಸೋಣ. ಅವನನ್ನು ಕೊಂದಿದ್ದು ಮೆಗಾಟ್ರಾನ್ ಅನ್ನುವುದು ತೆರೆಯ ಮೇಲಿನ ಕಥೆ. ನಿಜವಾಗಿ ಕೊಂದಿದ್ದು ಅಂಗಡಿಯ ಶೆಲ್ಫು. ಹ್ಯಾಸ್‌ಬ್ರೋ ಜಪಾನಿನ ಟಕಾರಾ ಕಂಪನಿಯ ರೋಬೋ ಆಟಿಕೆಗಳನ್ನು ತಂದು, ಹೊಸ ಹೆಸರು, ಹೊಸ ಕಥೆ ಕೊಟ್ಟು 1984ರಲ್ಲಿ ಮಾರಾಟ ಶುರು ಮಾಡಿತ್ತು. ಟಿವಿ ಸರಣಿಯೂ ಅದೇ ವರ್ಷ ಬಂತು. 1986ರ ಹೊತ್ತಿಗೆ ಹಳೆ ಆಟಿಕೆಗಳ ಜಾಗಕ್ಕೆ ಹೊಸವು ಬರಬೇಕಿತ್ತು. ಹಳೇ ಮಾಲು ಖಾಲಿ ಆದ ಹಾಗೆ ಹಳೇ ಪಾತ್ರಗಳೂ ಖಾಲಿ ಆಗಲಿ ಅನ್ನುವುದು ಯೋಚನೆ. ಪ್ರೈಮ್ ಹೋದರೆ ಹೊಸ ಪಾತ್ರ ಹಾಟ್ ರಾಡ್ ಇದ್ದಾನಲ್ಲ! ಲೆಕ್ಕದ ಪುಸ್ತಕದಲ್ಲಿ ಇದು ಸರಿಯಾಗಿಯೇ ಇತ್ತು. ಆದರೆ ಥಿಯೇಟರಿನಲ್ಲಿ ಅತ್ತ ಮಗು ಪ್ರೈಮ್‌ನನ್ನು ಮಾಲು ಅಂದುಕೊಂಡಿರಲಿಲ್ಲ. ರಾತ್ರಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿತ್ತು.

ಅಭಿಮಾನಿಗಳ ಸಿಟ್ಟು ಎಷ್ಟು ಬೇಗ ಕೆಲಸ ಮಾಡಿತು ನೋಡಿ. ಅದೇ ಕಂಪನಿ ‘ಜಿ.ಐ. ಜೋ’ ಆಟಿಕೆಗಳ ಮೇಲೂ ಒಂದು ಅನಿಮೇಷನ್ ಸಿನಿಮಾ ಮಾಡಿಸುತ್ತಿತ್ತು. ಅದರಲ್ಲಿ ನಾಯಕ ಡ್ಯೂಕ್ ಸಾಯಬೇಕಿತ್ತು. ಚಿತ್ರ ಬಿಡಿಸಿದ್ದೂ ಹಾಗೆಯೇ. ಎದೆಗೆ ಈಟಿ, ಮುಚ್ಚಿದ ಕಣ್ಣು, ಸುತ್ತ ಅಳುವ ಗೆಳೆಯರು. ಪ್ರೈಮ್ ಗಲಾಟೆಯ ನಂತರ ಚಿತ್ರ ತಿದ್ದಲು ಹೋಗದೆ ಬರೀ ಮಾತು ತಿದ್ದಿದರು. ಡ್ಯೂಕ್ ಕೋಮಾಕ್ಕೆ ಹೋಗಿದ್ದಾನೆ ಅಂತ ಒಂದು ಸಾಲು. ಕೊನೆಗೆ ಅವನಿಗೆ ಎಚ್ಚರವಾಯಿತು ಅಂತ ಇನ್ನೊಂದು. ಇವತ್ತು ನೋಡಿದರೂ ಆ ದೃಶ್ಯದಲ್ಲಿ ಕಣ್ಣಿಗೆ ಕಾಣುವುದು ಸಾವು, ಕಿವಿಗೆ ಕೇಳುವುದು ಕೋಮಾ. ಇತ್ತ ಬ್ರಿಟನ್‌ನಲ್ಲಿ ಬಿಡುಗಡೆಯಾದ ಟ್ರಾನ್ಸ್‌ಫಾರ್ಮರ್ಸ್ ಪ್ರತಿಯ ಕೊನೆಯಲ್ಲಿ, ಪ್ರೈಮ್ ಮತ್ತೆ ಬರುತ್ತಾನೆ ಅಂತ ಸಮಾಧಾನದ ಮಾತೊಂದನ್ನು ಸೇರಿಸಿದರು. 1987ರ ಫೆಬ್ರುವರಿಯಲ್ಲಿ ಟಿವಿಯಲ್ಲಿ ಎರಡು ಕಂತಿನ ಕಥೆ ಮಾಡಿ ಅವನನ್ನು ವಾಪಸ್ ಕರೆತಂದೂ ಆಯಿತು.

ಸಿನಿಮಾ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅಮೆರಿಕದಲ್ಲಿ 60 ಲಕ್ಷ ಡಾಲರ್ ಕೂಡ ದಾಟಲಿಲ್ಲ. ತಮಾಷೆ ಅಂದರೆ, ಅವತ್ತು ಅತ್ತ ಮಕ್ಕಳೇ ದೊಡ್ಡವರಾಗಿ ಅದನ್ನು ತಲೆ ಮೇಲೆ ಹೊತ್ತುಕೊಂಡು ಮೆರೆಸಿದರು. 2018ರಲ್ಲಿ ಅದು ಒಂದು ರಾತ್ರಿಯ ಮಟ್ಟಿಗೆ ಮತ್ತೆ ಅಮೆರಿಕದ ಥಿಯೇಟರುಗಳಿಗೆ ಬಂತು. ಅದಕ್ಕೂ ಮುಂಚೆ 2007ರ ಸಿನಿಮಾದಲ್ಲಿ ಪ್ರೈಮ್‌ಗೆ ಹಳೆಯ ಪೀಟರ್ ಕಲನ್ ಅವರದೇ ದನಿ ಬೇಕು ಅಂತ ಹಟ ಹಿಡಿದು ಅದನ್ನೂ ಪಡೆದುಕೊಂಡಿದ್ದರು. ಸಾವು ತೋರಿಸಿದ್ದಕ್ಕೆ ಅವರಿಗೆ ಸಿಟ್ಟು ಇರಲಿಲ್ಲ ಅನಿಸುತ್ತದೆ. ಅದರ ಹಿಂದೆ ಇದ್ದದ್ದು ವ್ಯಾಪಾರ ಅಂತ ಗೊತ್ತಾದದ್ದು ಚುಚ್ಚಿತು.

ಜಪಾನಿನಲ್ಲಿ ಕಥೆ ಬೇರೆ. ಅಲ್ಲೂ ಆಟಿಕೆ ಕಂಪನಿಗಳೇ ದುಡ್ಡು ಹಾಕುತ್ತಿದ್ದವು. ಒಳಗೆ ಕೂತು ಓಡಿಸುವ ದೈತ್ಯ ರೋಬೋ 1972ರ ‘ಮಜಿಂಗರ್ ಝಡ್’ನಿಂದ ಮನೆಮಾತಾಗಿತ್ತು. ಆದರೆ ಯೋಶಿಯುಕಿ ಟೊಮಿನೊ ಅನ್ನುವ ನಿರ್ದೇಶಕರು ಆಟಿಕೆಯವರ ದುಡ್ಡಿನಲ್ಲೇ ಯುದ್ಧದ ಹೊಲಸನ್ನು ತೋರಿಸಲು ಶುರು ಮಾಡಿದರು. ಅವರಿಗೆ ‘ಎಲ್ಲರನ್ನೂ ಸಾಯಿಸುವ ಟೊಮಿನೊ’ ಅಂತಲೇ ಅಡ್ಡಹೆಸರು. 1979ರಲ್ಲಿ ಅವರ ‘ಗುಂಡಮ್’ ಟಿವಿಗೆ ಬಂದಾಗ ಆಟಿಕೆ ಸರಿಯಾಗಿ ಹೋಗಲಿಲ್ಲ. 52 ಕಂತು ಆಗಬೇಕಿದ್ದದ್ದು 43ಕ್ಕೇ ನಿಂತಿತು. ಮರುಪ್ರಸಾರದಲ್ಲಿ ಹೈಸ್ಕೂಲು, ಕಾಲೇಜಿನ ಹುಡುಗರು ಅದನ್ನು ಹಿಡಿದುಕೊಂಡರು. 1980ರಲ್ಲಿ ಬಂದಾಯಿ ಕಂಪನಿಯ ಜೋಡಿಸುವ ಪ್ಲಾಸ್ಟಿಕ್ ಮಾದರಿಗಳು ಬಂದ ಮೇಲಂತೂ ಅಂಗಡಿ ಮುಂದೆ ಸಾಲು. 1981ರ ಫೆಬ್ರುವರಿ 22ರಂದು ಟೋಕಿಯೋದ ಶಿಂಜುಕು ಸ್ಟೇಷನ್ ಎದುರು ಸಾವಿರಾರು ಯುವಕರು ಸೇರಿದರು. ಅನಿಮೆಗೆ, ಅಂದರೆ ಜಪಾನಿನ ಅನಿಮೇಷನ್‌ಗೆ, ಹೊಸ ಯುಗ ಬಂತು ಅಂತ ಅಲ್ಲೇ ಘೋಷಣೆ ಆಯಿತು. ಮುಂದಿನ ತಿಂಗಳು ಗುಂಡಮ್ ಸಿನಿಮಾ ಬಿಡುಗಡೆ. ಟಿವಿಯಿಂದ ಎತ್ತಿ ಬಿಸಾಡಿದ್ದನ್ನು ಅಭಿಮಾನಿಗಳು ದೊಡ್ಡ ತೆರೆಗೆ ಹತ್ತಿಸಿದ್ದರು.

ಟೊಮಿನೊ ಅವರ ಮುಂದಿನ ಸರಣಿ ‘ಇಡಿಯಾನ್’ ಕೂಡ ಅರ್ಧದಲ್ಲೇ ನಿಂತಿತು. ಕೊನೆಯ ಕಂತು ಬಾಗಿಲು ಹಾಕಿದ ಹಾಗೆ ಪಟ್ಟನೆ ಮುಗಿದುಹೋಯಿತು. ಸರಿಯಾದ ಕೊನೆ ತೋರಿಸಿ ಅಂತ ಅಭಿಮಾನಿಗಳು ಕೇಳಿದರು. 1982ರ ಜುಲೈ 10ರಂದು ಟೊಮಿನೊ ಬಡ್ಡಿ ಸಮೇತ ಕೊಟ್ಟರು. ಆ ಸಿನಿಮಾದಲ್ಲಿ ಎಲ್ಲರೂ ಸಾಯುತ್ತಾರೆ. ಎಲ್ಲರೂ ಅಂದರೆ ಎಲ್ಲರೂ, ಮಕ್ಕಳನ್ನೂ ಬಿಡದೆ. ಒಂದು ಸ್ಫೋಟದಲ್ಲಿ ಪುಟ್ಟ ಹುಡುಗಿಯ ತಲೆಯೇ ಹಾರಿಹೋಗುತ್ತದೆ. ಕ್ಯಾಮೆರಾ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ನಾನು ಆ ಜಾಗದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮುಂದೆ ನೋಡಿದೆ. ಆದರೂ ಇದು ಮೋಸ ಅನಿಸಲಿಲ್ಲ. ಇಲ್ಲಿ ಯಾರನ್ನೂ ಹೊಸ ಆಟಿಕೆಗೆ ಜಾಗ ಮಾಡಲು ಕೊಂದಿಲ್ಲ.

ಆ ಸಿನಿಮಾ ತಲೆಗೆ ಹತ್ತಿಸಿಕೊಂಡವರಲ್ಲಿ ಹಿಡೆಯಾಕಿ ಆನ್ನೊ ಅನ್ನುವ ಯುವಕರೂ ಇದ್ದರು. 1988ರಲ್ಲಿ ಟೊಮಿನೊ ಅವರ ‘ಚಾರ್ಸ್ ಕೌಂಟರ್‌ಅಟ್ಯಾಕ್’ ಬಂತು. ಗುಂಡಮ್‌ನ ಹೀರೋ ಅಮುರೋ, ಎದುರಾಳಿ ಚಾರ್ ಇಬ್ಬರೂ ಬೆಳಕಿನಲ್ಲಿ ಕರಗಿಹೋದರು. ಸತ್ತರೋ ಇಲ್ಲವೋ ಅಂತ ವರ್ಷಗಟ್ಟಲೆ ಜಗಳ. ಆನ್ನೊ ಅಷ್ಟು ಹೊತ್ತಿಗೆ ಹೆಸರು ಮಾಡಿದ ನಿರ್ದೇಶಕ. ಆದರೂ 1993ರಲ್ಲಿ ಆ ಒಂದು ಸಿನಿಮಾದ ಮೇಲೆಯೇ ಅಭಿಮಾನಿ ಪುಸ್ತಕವೊಂದನ್ನು ತಾವೇ ಹೊರತಂದರು. ಟೊಮಿನೊ ಅವರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಮುಂದೆ ಅಭಿಮಾನಿಗಳ ಬೈಗುಳ ತಿಂದವರು ಮೊದಲು ತಾವೇ ಅಂಥ ಅಭಿಮಾನಿ ಆಗಿದ್ದರು.

ಎರಡು ವರ್ಷದ ನಂತರ, 1995ರ ಅಕ್ಟೋಬರ್‌ನಲ್ಲಿ, ಆನ್ನೊ ಅವರ ‘ಇವಾಂಜೆಲಿಯನ್’ ಟಿವಿಯಲ್ಲಿ ಶುರುವಾಯಿತು. 24 ಕಂತು ಯುದ್ಧ, ಗುಟ್ಟು, ಒಗಟು. ಕೊನೆಯ ಎರಡು ಕಂತಿಗೆ ಸಮಯವೂ ಇರಲಿಲ್ಲ, ಕೈಯಲ್ಲಿ ಕಸುವೂ ಇರಲಿಲ್ಲ. ಯುದ್ಧ ಮಾಯ. ದೈತ್ಯ ಯಂತ್ರ ಓಡಿಸುವ 14 ವರ್ಷದ ಹೀರೋ ಶಿಂಜಿಯ ತಲೆಯೊಳಗಿನ ಮಾತುಕತೆ, ಪೆನ್ಸಿಲಿನ ಗೀಚು, ನಿಂತ ಚಿತ್ರಗಳು. ಕಡೆಗೆ ಎಲ್ಲರೂ ಶಿಂಜಿಯ ಸುತ್ತ ನಿಂತು ಚಪ್ಪಾಳೆ ತಟ್ಟಿ ಅಭಿನಂದನೆ ಹೇಳುತ್ತಾರೆ. ಮುಗಿಯಿತು. ಜಪಾನಿನಲ್ಲಿ ಬೆಂಕಿ ಬಿತ್ತು. ಬೈಗುಳದ ಪತ್ರ, ಇ-ಮೇಲ್, ಸರಣಿ ಮಾಡಿದ ಗೈನಾಕ್ಸ್ ಸ್ಟುಡಿಯೋದ ಗೋಡೆ ಮೇಲೆ ಬರಹ. ಕೊಲ್ಲುತ್ತೇವೆ ಅನ್ನುವ ಮಾತೂ ಅದರಲ್ಲಿ ಇತ್ತು.

1997ರ ಮಾರ್ಚ್‌ನಲ್ಲಿ ಕೊನೆಯನ್ನು ಹೊಸದಾಗಿ ಹೇಳುವ ಸಿನಿಮಾದ ಅರ್ಧ ಭಾಗ ಮಾತ್ರ ಮುಗಿದಿತ್ತು, ಅಷ್ಟನ್ನೇ ತೋರಿಸಿದರು. ಜುಲೈ 19ರಂದು ಪೂರ್ತಿ ಬಂತು. ‘ದಿ ಎಂಡ್ ಆಫ್ ಇವಾಂಜೆಲಿಯನ್’.

ಅಭಿಮಾನಿಗಳು ಯುದ್ಧ ಕೇಳಿದ್ದರು. ಶಿಂಜಿಯ ಜೊತೆಗಾತಿ ಅಸುಕಾಳ ಕೆಂಪು ಯಂತ್ರದ ಎದುರು ಒಂಬತ್ತು ಬಿಳಿ ಯಂತ್ರಗಳು ಇಳಿಯುತ್ತವೆ. ಬ್ಯಾಟರಿ ಉಳಿದಿರುವುದು ಮೂರೂವರೆ ನಿಮಿಷ. ಒಂದಕ್ಕೆ 20 ಸೆಕೆಂಡು ಅಂತ ಅವಳು ಲೆಕ್ಕ ಹಾಕುತ್ತಾಳೆ. ಗೆಲ್ಲುತ್ತಾಳೆ, ಗೆಲ್ಲುತ್ತಲೇ ಇರುತ್ತಾಳೆ. ಥಿಯೇಟರಿನಲ್ಲಿ ಕೂತವರ ಮೈ ನವಿರೇಳುವ ಹೊತ್ತಿಗೆ ಬ್ಯಾಟರಿ ಮುಗಿಯುತ್ತದೆ. ಬಿದ್ದವು ಏಳುತ್ತವೆ. ಹದ್ದುಗಳು ಹೆಣ ಕಿತ್ತ ಹಾಗೆ ಕಿತ್ತು ತಿನ್ನುತ್ತವೆ. ಹೀರೋ ಶಿಂಜಿ ಮಾತ್ರ ಅಷ್ಟು ಹೊತ್ತೂ ಕೆಳಗೆ ಮುದುಡಿ ಕೂತಿದ್ದಾನೆ.

ಆಮೇಲೆ ಅನಿಮೇಷನ್ನೇ ನಿಂತುಹೋಗುತ್ತದೆ. ತೆರೆಯ ಮೇಲೆ ನಿಜವಾದ ಒಂದು ಥಿಯೇಟರು, ಸಾಲು ಸೀಟು, ಅದರಲ್ಲಿ ಕೂತ ಪ್ರೇಕ್ಷಕರು. ನೋಡುವವರು ತಮ್ಮನ್ನೇ ನೋಡಬೇಕು. ಮಧ್ಯೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಭಿಮಾನಿಗಳು ಬರೆದ ಸಂದೇಶಗಳು ಮಿಂಚಿ ಮಾಯವಾಗುತ್ತವೆ.

ಇದನ್ನು ನಿರ್ದೇಶಕ ತೀರಿಸಿಕೊಂಡ ಸೇಡು ಅಂತ ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಿಂಚಿದ ಸಾಲುಗಳಲ್ಲಿ ಮೆಚ್ಚುಗೆಯೂ ಇತ್ತು. ಸೇಡು ತೀರಿಸಿಕೊಳ್ಳುವವರು ಹೊಗಳಿದ್ದನ್ನೂ ತೋರಿಸುತ್ತಾರಾ? ಅಲ್ಲದೆ ಈ ಸಿನಿಮಾದಲ್ಲೂ ಶಿಂಜಿ ಟಿವಿಯಲ್ಲಿ ಬಂದ ಜಾಗಕ್ಕೇ ಬಂದು ನಿಲ್ಲುತ್ತಾನೆ. ನೋವಾದರೂ ಸರಿ, ಬೇರೆಯವರು ಇರುವ ಲೋಕವೇ ಬೇಕು ಅನ್ನುತ್ತಾನೆ. ಟಿವಿಯಲ್ಲಿ ಚಪ್ಪಾಳೆ ಹೊಡೆದು ಹೇಳಿದ್ದನ್ನು ಇಲ್ಲಿ ಕೆಂಪು ಸಮುದ್ರದ ದಡದಲ್ಲಿ ಹೇಳಿದರು ಅಷ್ಟೆ. ಅಲ್ಲಿ ಅವನು ಅಸುಕಾಳ ಕತ್ತು ಹಿಸುಕುತ್ತಾನೆ. ಅವಳು ಕೈ ಎತ್ತಿ ಅವನ ಕೆನ್ನೆ ಸವರುತ್ತಾಳೆ. ಅವನು ಅಳುತ್ತಾನೆ. ಅಸಹ್ಯ ಅಂತಲೋ ಹೊಟ್ಟೆ ತೊಳಸುತ್ತಿದೆ ಅಂತಲೋ ಅರ್ಥ ಮಾಡಬಹುದಾದ ಎರಡು ಪದ ಅವಳ ಬಾಯಿಂದ ಬರುತ್ತದೆ. ಅಲ್ಲಿಗೆ ಕತ್ತಲು. ಆ ಎರಡು ಪದದ ಮೇಲೆ ಜನ ಇನ್ನೂ ಗುದ್ದಾಡುತ್ತಿದ್ದಾರೆ.

ಆನ್ನೊ 2007ರಿಂದ ಅದೇ ಕಥೆಯನ್ನು ಸಿನಿಮಾಗಳಾಗಿ ಮತ್ತೆ ಹೇಳತೊಡಗಿದರು. 2012ರ ಮೂರನೆಯದು ಕಥೆಯನ್ನು 14 ವರ್ಷ ಮುಂದಕ್ಕೆ ಹಾರಿಸಿತು. ಶಿಂಜಿಗೆ ಯಾರೂ ಏನೂ ಬಿಡಿಸಿ ಹೇಳುವುದಿಲ್ಲ, ನೋಡುವವರಿಗೂ ಹೇಳುವುದಿಲ್ಲ. ಮತ್ತೆ ಸಿಟ್ಟು, ಮತ್ತೆ ಜಗಳ. ಅದನ್ನು ಮುಗಿಸಿದ ಮೇಲೆ ತಾವು ಖಿನ್ನತೆಗೆ ಬಿದ್ದದ್ದನ್ನು ಆನ್ನೊ ಬಹಿರಂಗವಾಗಿಯೇ ಬರೆದರು. ಕೊನೆಯದು ಕೊರೊನಾ ಕಾರಣಕ್ಕೆ ಮುಂದೆ ಹೋಗಿ ಹೋಗಿ 2021ರ ಮಾರ್ಚ್ 8ರಂದು ಬಂತು. ಜಪಾನಿನಲ್ಲಿ 1,000 ಕೋಟಿ ಯೆನ್ ದಾಟಿತು. ಈ ಸಲ ಪಾತ್ರಗಳು ಒಬ್ಬೊಬ್ಬರಾಗಿ ಬೀಳ್ಕೊಂಡು ಹೋಗುತ್ತವೆ. 1997ರಲ್ಲಿ ಹದಿಹರೆಯದಲ್ಲಿದ್ದವರಿಗೆ ಅಷ್ಟು ಹೊತ್ತಿಗೆ 40ರ ಆಸುಪಾಸು. ಜಾಸ್ತಿ ಜನ ಬರೆದದ್ದು ಒಂದೇ ಮಾತು: ಥ್ಯಾಂಕ್ಸ್.

ಆ ಸಿನಿಮಾದ ಕಟ್ಟಕಡೆಯ ದೃಶ್ಯದಲ್ಲಿ ಮತ್ತೆ ನಿಜವಾದ ಜಾಗ ಬರುತ್ತದೆ. ಈ ಸಲ ಥಿಯೇಟರ್ ಅಲ್ಲ. ಆನ್ನೊ ಹುಟ್ಟಿದ ಊರು ಉಬೆ, ಅಲ್ಲಿನ ಉಬೆ-ಶಿಂಕಾವಾ ಅನ್ನುವ ಪುಟ್ಟ ರೈಲ್ವೆ ಸ್ಟೇಷನ್. ದೊಡ್ಡವನಾದ ಶಿಂಜಿ ಅಲ್ಲಿ ಮೆಟ್ಟಿಲು ಹತ್ತಿ ಹೊರಗೆ ಓಡುತ್ತಾನೆ. ಈಗ ಅಭಿಮಾನಿಗಳು ರೈಲು ಹತ್ತಿ ಅಲ್ಲಿಗೆ ಹೋಗುತ್ತಾರೆ, ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ.